ಐದೂವರೆಗೆ ‘ನಾಕ್ ಅಪ್’ ಮಾಡ್ತೀನಿ ಅಂದರು

ಇಂಗ್ಲೆಂಡಿನ ಬೋಲ್ಟನ್‌ಗೆ ಬಂದು ಎರಡನೇ ವಾರ. ಮರುದಿನ ಬೆಳಗ್ಗೆಯೇ ಮ್ಯಾಂಚೆಸ್ಟರ್ ರೈಲು ಹಿಡಿಯಬೇಕಿತ್ತು. ಅಲಾರಂ ಹೊಡೆದರೂ ನನಗೆ ಎಚ್ಚರ ಆಗಲ್ಲ ಅಂತ ಮನೆ ಓನರ್ ಅಜ್ಜಿಯ ಹತ್ತಿರ ಸುಮ್ನೆ ಹೇಳಿದೆ. ಎಂಬತ್ತು ದಾಟಿದ ಅಜ್ಜಿ ಟೀ ಕಪ್ ತೊಳೆಯುತ್ತಲೇ, "ಚಿಂತೆ ಬಿಡು ಲವ್, ಐದೂವರೆಗೆ ನಾನೇ ನಿನ್ನನ್ನು ನಾಕ್ ಅಪ್ ಮಾಡ್ತೀನಿ" ಅಂದರು.

‘ಲವ್’ಗೆ ಆಗಲೇ ಒಗ್ಗಿಹೋಗಿದ್ದೆ. ಇಲ್ಲಿ ಬಸ್ ಡ್ರೈವರ್ ಕೂಡ ಹಾಗೇ ಕರೆಯುತ್ತಾನೆ. ಗಾಬರಿ ಆಗಿದ್ದು ‘ನಾಕ್ ಅಪ್’ಗೆ. ನನ್ನ ಅರ್ಧ ಇಂಗ್ಲಿಷ್ ಅಮೆರಿಕದ ಸಿನಿಮಾಗಳಿಂದ ಬಂದದ್ದು. ಅಲ್ಲಿ ಆ ಮಾತಿಗೆ ಹೆಣ್ಣನ್ನು ಬಸುರಿ ಮಾಡುವುದು ಅಂತ ಅರ್ಥ. ನನ್ನ ಮುಖ ನೋಡಿ ಅಜ್ಜಿಗೆ ಎಲ್ಲ ತಿಳಿಯಿತು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ಅಜ್ಜಿಯ ಅರ್ಥವೇ ಹಳೆಯದು. ಬಾಗಿಲು ಬಡಿದು ಎಬ್ಬಿಸುವುದಕ್ಕೆ ಈ ಮಾತು 17ನೇ ಶತಮಾನದಿಂದಲೂ ಇದೆ. ಅಮೆರಿಕದ ಅರ್ಥ ಕಾಣಿಸಿಕೊಂಡದ್ದು 19ನೇ ಶತಮಾನದಲ್ಲಿ. ನಾಕ್ ಅಂದರೆ ಬಡಿ. ‘ವೇಕ್ ಅಪ್’, ‘ಗೆಟ್ ಅಪ್’ನಲ್ಲಿರುವ ‘ಅಪ್’ ಅನ್ನೋದೇ ಇದರಲ್ಲೂ ಇರೋದು. ಟೆನಿಸ್‌ನವರು ಪಂದ್ಯಕ್ಕೆ ಮುಂಚೆ ಕೈ ಕುದುರಿಸಿಕೊಳ್ಳೋದಕ್ಕೂ, ಇದ್ದಬದ್ದದ್ದರಲ್ಲಿ ಬೇಗ ಅಡುಗೆ ಮಾಡಿಬಿಡೋದಕ್ಕೂ ಇಲ್ಲಿ ಇದೇ ಮಾತು.

ಆದರೆ ಈ ಕಡೆ ಅದು ಬರೀ ಮಾತಾಗಿರಲಿಲ್ಲ, ಹೊಟ್ಟೆಪಾಡಿನ ಕೆಲಸವೂ ಆಗಿತ್ತು. ಬೋಲ್ಟನ್ ಸೇರಿದ್ದ ಲ್ಯಾಂಕಶೈರ್ ಸೀಮೆಯ ತುಂಬ ಹತ್ತಿಗಿರಣಿಗಳಿದ್ದ ಕಾಲ. ಪಾಳಿಗೆ ತಡವಾದರೆ ಕೂಲಿ ಖೋತಾ. ಅಲಾರಂ ಗಡಿಯಾರ ಕೂಲಿಯವರ ಕೈಗೆ ಎಟುಕುತ್ತಿರಲಿಲ್ಲ. ಅದಕ್ಕೇ ಪ್ರತಿ ಬೀದಿಗೂ ಒಬ್ಬ ‘ನಾಕರ್ ಅಪ್’. ಉದ್ದನೆಯ ಬಿದಿರು ಕೋಲು, ತುದಿಗೆ ಕಟ್ಟಿದ ತಂತಿ. ಕತ್ತಲಲ್ಲಿ ಬೀದಿಯಲ್ಲೇ ನಿಂತು ಮಹಡಿಯ ಮಲಗುವ ಕೋಣೆಯ ಕಿಟಕಿ ಗಾಜನ್ನು ಕರಕರ ಕೆರೆಯುವುದು. ಬಾಗಿಲನ್ನೇ ಧಡಧಡ ಬಡಿಯಬಹುದಿತ್ತಲ್ವಾ? ಬಡಿದರೆ ಕಾಸು ಕೊಡದ ಪಕ್ಕದ ಮನೆಯವರೂ ಪುಕ್ಕಟೆ ಎದ್ದುಬಿಡುತ್ತಾರೆ! ಎಷ್ಟು ಗಂಟೆಗೆ ಎಬ್ಬಿಸಬೇಕು ಅಂತ ಕೆಲವರು ಬಾಗಿಲ ಪಕ್ಕದ ಸ್ಲೇಟಿನಲ್ಲಿ ಸೀಮೆಸುಣ್ಣದಿಂದ ಬರೆದಿಡುತ್ತಿದ್ದರು. ಗಸ್ತಿನ ಪೊಲೀಸರೂ ನಾಲ್ಕು ಕಾಸು ಗಿಟ್ಟಲಿ ಅಂತ ಇದನ್ನು ಮಾಡುತ್ತಿದ್ದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಲಂಡನ್ನಿನ ‘ನಾಕರ್ ಅಪ್’ ಮೇರಿ ಸ್ಮಿತ್. ಅವಳ 1930ರ ದಶಕದ ಫೋಟೋ ಒಂದಿದೆ. ಟೋಪಿ ಹಾಕಿಕೊಂಡ ಹೆಂಗಸು ತಲೆಯೆತ್ತಿ, ಬಾಯಿಗೆ ಕೊಳವೆ ಇಟ್ಟು, ಕಿಟಕಿಯತ್ತ ಒಣ ಬಟಾಣಿ ಊದುತ್ತಿದ್ದಾಳೆ. ವಾರಕ್ಕೆ ಆರು ಪೆನ್ಸ್ ಕೂಲಿ. ಗುರಿ ತಪ್ಪಿದ ದಿನ ಯಾರ ಕಿಟಕಿಗೆ ಬೀಳುತ್ತಿತ್ತೋ!

ಗಡಿಯಾರ ಅಗ್ಗವಾಗುತ್ತಾ ಬಂದಂತೆ ಈ ಕೆಲಸ ಕರಗಿತು. ಆದರೂ ಅಲ್ಲಲ್ಲಿ 1970ರ ದಶಕದ ಶುರುವಿನವರೆಗೂ ಉಳಿದಿತ್ತಂತೆ. ಚಿಕ್ಕವಳಿದ್ದಾಗ ತಂತಿ ಕೆರೆಯುವ ಸದ್ದಿಗೆ ಅಪ್ಪ ಎದ್ದು, ಪರದೆ ಸರಿಸಿ ಕೈಬೀಸುತ್ತಿದ್ದದ್ದು ಅಜ್ಜಿಗೆ ಚೆನ್ನಾಗಿ ನೆನಪಿದೆ. ಕೈ ಕಾಣುವವರೆಗೆ ಕೋಲಿನವನು ಮುಂದಿನ ಮನೆಗೆ ಹೋಗುತ್ತಿರಲಿಲ್ಲ.

ಮರುದಿನ ಐದೂ ಇಪ್ಪತ್ತಕ್ಕೇ ನನಗೆ ಎಚ್ಚರವಾಯಿತು. ಏಳಲಿಲ್ಲ, ರಗ್ಗು ಹೊದ್ದು ಕಾಯುತ್ತಾ ಮಲಗಿದ್ದೆ. ಐದೂವರೆಗೆ ಸರಿಯಾಗಿ ಬಾಗಿಲ ಮೇಲೆ ಮೂರು ಪೆಟ್ಟು. ಸುಮ್ಮನಿದ್ದೆ. ಮತ್ತೆ ಮೂರು. "ಎದ್ದೆ ಎದ್ದೆ" ಅಂತ ಕೂಗಿದ ಮೇಲೆಯೇ ಅಜ್ಜಿಯ ಚಪ್ಪಲಿ ಸದ್ದು ಮೆಟ್ಟಿಲಿಳಿದದ್ದು.