ಮೂರನೆಯ ಸಿಲಿಂಡರಿನ ಕೆಳಗಿನ ಪ್ಲಗ್

18 ಆಗಸ್ಟ್ 2024, ಭಾನುವಾರ
ದಾವಣಗೆರೆ

ಅಂಗಿಯ ಜೇಬಿನಲ್ಲಿ ಸ್ಪಾರ್ಕ್ ಪ್ಲಗ್ ಇಟ್ಟುಕೊಂಡೇ ಬೆಂಗಳೂರಿನ ಜಕ್ಕೂರು ವಿಮಾನ ತಾಣದಿಂದ ಬಂದೆ. ಚಿತ್ರದುರ್ಗ ದಾಟುವುದರೊಳಗೆ ಎಷ್ಟು ಸಲ ಅದನ್ನು ಮುಟ್ಟಿ ನೋಡಿಕೊಂಡೆನೋ. ಮನೆಗೂ ಹೋಗದೆ ನೆಟ್ಟಗೆ ಹದಡಿ ರಸ್ತೆಯ ಮಾವನ ಶೆಡ್ಡಿಗೆ ನಡೆದೆ.

ಬೆಳಗ್ಗೆ ನಮ್ಮ ಪುಟ್ಟ ವಿಮಾನ ಸೆಸ್ನಾ 152 ಹಾರಲೇ ಇಲ್ಲ. 1700 ಆರ್‌ಪಿಎಂನಲ್ಲಿ ಪ್ಲಗ್ಗುಗಳಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳಲ್ಲಿ ಎಡದ್ದೊಂದರ ಮೇಲೆ ಓಡಿಸಿದಾಗ ಎಂಜಿನ್ನಿನ ಸುತ್ತು ನಿಮಿಷಕ್ಕೆ 190 ಇಳಿಯಿತು. ಇಡೀ ಮೂತಿ ನಡುಗಿತು. ಇಳಿತ 125 ಮೀರಬಾರದು, ಎಡಬಲಗಳ ನಡುವಿನ ವ್ಯತ್ಯಾಸ 50 ದಾಟಬಾರದು. ಎಂಜಿನಿಯರ್ ಎಡದ ಮೇಲೆಯೇ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದರು. ಕೀಲಿ ತೆಗೆದು, ಪ್ರೊಪೆಲರಿನಿಂದ ದೂರ ನಿಂತು, ನಾಲ್ಕು ಸೈಲೆನ್ಸರ್ ಕೊಳವೆಗಳ ಮೇಲೂ ಒಂದೊಂದು ಹನಿ ನೀರು ಚಿಮುಕಿಸಿದರು. ಮೂರು ಕಡೆ ಚುಂಯ್ ಎಂದಿತು. ಮೂರನೆಯ ಸಿಲಿಂಡರಿನ ಕೊಳವೆಯ ಮೇಲೆ ಹನಿ ಹಾಗೆಯೇ ಜಾರಿ ಕೆಳಗಿಳಿಯಿತು. ಅಲ್ಲಿ ಬೆಂಕಿಯೇ ಹತ್ತಿರಲಿಲ್ಲ.

ಮಾವ ಕನ್ನಡಕವನ್ನು ಹಣೆಗೇರಿಸಿ ಪ್ಲಗ್ಗನ್ನು ಟ್ಯೂಬ್‌ಲೈಟಿನ ಕಡೆಗೆ ಹಿಡಿದರು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್‌ಗಳ ನಡುವೆ ಪಳಗಿದ ಕೈ ಅದು. ಈಗ ಪಂಪ್‌ಸೆಟ್ ಬಿಚ್ಚಿ ಕಟ್ಟುತ್ತಾರೆ.

‘ಇದೇನು, ಸಾಸಿವೆ ಕಾಳು ಸಿಕ್ಕಿಕೊಂಡಂತಿದೆ?’

‘ಸೀಸ, ಮಾವ.’

‘ಪೆಟ್ರೋಲಿಗೆ ಸೀಸ ಹಾಕುವುದನ್ನು ಯಾವತ್ತೋ ನಿಲ್ಲಿಸಿದರಲ್ಲ?’

‘ಗಾಡಿಗಳಿಗೆ 2000ದಲ್ಲೇ ನಿಂತಿತು. ವಿಮಾನದ ಪೆಟ್ರೋಲು 100 ಎಲ್‌ಎಲ್‌ನಲ್ಲಿ ಇನ್ನೂ ಇದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ನೆಲದ ಮೇಲೆ ನಿಧಾನವಾಗಿ ಓಡುವಾಗ ಇಂಧನ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಹೋದರೆ ಕೆಳಗಿನ ಪ್ಲಗ್ಗುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ.’

‘ಹೆಚ್ಚು ಇಂಧನ ಬಿಟ್ಟವರು ಯಾರು?’

‘ನಾನೇ.’

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಎರಡು ಎಲೆಕ್ಟ್ರೋಡುಗಳ ನಡುವೆ ಕುಳಿತಿದ್ದ ಆ ಬೂದು ಮಣಿಯನ್ನು ಸೂಜಿಯಿಂದ ಮೆಲ್ಲಗೆ ಮೀಟಿದರು. ಅದು ಟಣ್ಣೆಂದು ತಟ್ಟೆಗೆ ಬಿತ್ತು. ಅಷ್ಟೇ. ಒಂದು ಸಿಲಿಂಡರಿನ ಕಿಡಿ ಕದ್ದದ್ದು ಅಷ್ಟೇ ಅಷ್ಟು.

‘ಒಂದು ಸಿಲಿಂಡರಿಗೆ ಎಷ್ಟು ಪ್ಲಗ್?’

‘ಎರಡು. ಒಂದಕ್ಕೆ ಎಡ ಮ್ಯಾಗ್ನೆಟೊ, ಇನ್ನೊಂದಕ್ಕೆ ಬಲ. ಬ್ಯಾಟರಿ ಸತ್ತರೂ ಕಿಡಿ ನಿಲ್ಲುವುದಿಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ.’

ಮಾವ ಬಹಳ ಹೊತ್ತು ಮಾತನಾಡಲಿಲ್ಲ. ಹೊರಗೆ ಮಳೆ ಹಿಡಿದಿತ್ತು. ಆಮೇಲೆ ಕೇಳಿದರು: ‘ಹಾಗಾದರೆ ಒಂದು ಕೈಕೊಟ್ಟದ್ದು ನಿನಗೆ ಗೊತ್ತಾಗುವುದು ಹೇಗೆ? ನನ್ನ ಪಂಪ್‌ಸೆಟ್ಟಿನಲ್ಲಿ ಒಂದು ಕೆಟ್ಟರೆ ನೀರೇ ಬರುವುದಿಲ್ಲ, ರೈತ ಓಡಿ ಬರುತ್ತಾನೆ. ನಿನ್ನ ಎಂಜಿನ್ ಕುಂಟುತ್ತಾ ಎಷ್ಟು ದಿನದಿಂದ ನಡೆಯುತ್ತಿತ್ತೋ?’

ಅದಕ್ಕೇ ಪ್ರತಿ ಸಲ ಹಾರುವ ಮೊದಲು ಒಂದೊಂದೇ ಮ್ಯಾಗ್ನೆಟೊದ ಮೇಲೆ ಓಡಿಸಿ ನೋಡುತ್ತೇವೆ ಎಂದೆ. ಹೇಳುವಾಗಲೇ ನನ್ನ ದನಿ ಇಳಿಯಿತು. ನೋಡುತ್ತೇವೆ, ಹೌದು. ನೋಡಿ ಏನು ಮಾಡುತ್ತೇವೆ?

ಅತ್ತೆ ಮಂಡಕ್ಕಿ, ಮೆಣಸಿನಕಾಯಿ ಕಳಿಸಿದ್ದರು. ಖಾರ ನೆತ್ತಿಗೇರಿತು. ಮಾವ ನಕ್ಕರು, ನಾನೂ ನಕ್ಕೆ. ಹೊಸ ಪ್ಲಗ್ ಹಾಕಿದ ಮೇಲೆ ಇಳಿತ ಎಡಕ್ಕೆ 65, ಬಲಕ್ಕೆ 60ಕ್ಕೆ ಬಂತು ಎಂದು ಹೇಳಿದೆ. ಹೊಸ ತಾಮ್ರದ ವಾಷರ್ ಹಾಕಿ, ಟಾರ್ಕ್ ವ್ರೆಂಚಿನಿಂದ ಅಳೆದು ಬಿಗಿದದ್ದನ್ನು ಕೇಳಿ ಅವರಿಗೆ ಸಮಾಧಾನವಾಯಿತು. ಉಳಿದ ಪ್ಲಗ್ಗುಗಳನ್ನು ತೊಳೆದು ಮೇಲಿನವನ್ನು ಕೆಳಗೆ, ಕೆಳಗಿನವನ್ನು ಮೇಲೆ ಹಾಕಿದೆವು. ಇನ್ನು ಮುಂದೆ ನೆಲದ ಮೇಲೆ ನಿಧಾನವಾಗಿ ಓಡಿಸುವಾಗ, ಇಂಧನ ಹೆಚ್ಚು ಕಡಿಮೆ ಮಾಡುವ ಮಿಕ್ಸ್ಚರ್ ಹಿಡಿಯನ್ನು ಸ್ವಲ್ಪ ಹಿಂದಕ್ಕೆಳೆದು ಇಡುತ್ತೇನೆ.

ಈಗ ರಾತ್ರಿ ಹನ್ನೊಂದು. ನಾನು ಇಳಿತ ಬರೆದಿಡುವ ಸಣ್ಣ ನೋಟ್‌ಬುಕ್ ಮುಂದೆ ಇದೆ. ಏಪ್ರಿಲ್‌ನಲ್ಲಿ ಎಡ 60, ಬಲ 60. ಜೂನ್ 30ರಂದು ಎಡ 110, ಬಲ 60. ವ್ಯತ್ಯಾಸ ಸರಿಯಾಗಿ 50, ಮಿತಿ ದಾಟಿಲ್ಲ. ಪಕ್ಕದಲ್ಲಿ ‘ಸರಿ’ ಎಂದು ಬರೆದಿದ್ದೇನೆ. ಬಲದ್ದು ಕದಲಿಲ್ಲ, ಎಡದ ಇಳಿತ ಮಾತ್ರ ಹೆಚ್ಚುತ್ತಾ ಬಂದಿದೆ. ಆ ಎರಡು ಸಾಲುಗಳನ್ನು ಒಟ್ಟಿಗೆ ಇಟ್ಟು ಓದಿದ್ದರೆ ಸಾಕಿತ್ತು. ಪ್ರತಿ ಸಲವೂ ಆ ದಿನದ ಅಂಕಿಯನ್ನು ಮಿತಿಯ ಜೊತೆ ಹೋಲಿಸಿದೆ, ಹಿಂದಿನ ದಿನದ ಜೊತೆ ಹೋಲಿಸಲಿಲ್ಲ.

ನಡುವೆ ಇನ್ನೊಂದು ಸಾಲಿದೆ. ಮೇ 26. ಎಡ 80, ಬಲ 60, ಸರಿ. ಅವತ್ತು ಮಗಳು ಪಕ್ಕದ ಸೀಟಿನಲ್ಲಿದ್ದಳು. ಇಳಿದ ಮೇಲೆ ಮೂತಿಯನ್ನು ತಟ್ಟಿ, ಅದಕ್ಕೆ ಥ್ಯಾಂಕ್ಸ್ ಹೇಳಿದ್ದಳು. ಆ ‘ಸರಿ’ ನನ್ನದೇ ಅಕ್ಷರ. ಬರೆಯುವಾಗ ಒಮ್ಮೆಯಾದರೂ ಹಿಂದಿನ ಪುಟ ತಿರುವಿ