ಮೇಷ್ಟ್ರಿಗೆ ಹೇಳಿ ಕಳಿಸಿ

ಅಪ್ಪ ಮೂರು ವಾರಕ್ಕೆಂದು ಜರ್ಮನಿಯ ಡ್ಯುಸೆಲ್‌ಡಾರ್ಫ್‌ಗೆ ಬಂದಿದ್ದರು. ಕೊಲೋನಿನ ದೊಡ್ಡ ಚರ್ಚು, ರೈನ್ ನದಿ ಎಲ್ಲಾ ತೋರಿಸಿದೆ. ಚೆನ್ನಾಗಿದೆ ಅಂದರು, ಅಷ್ಟೇ. ಅವರ ಮುಖ ಅರಳಿದ್ದು ನಿಯಾಂಡರ್ತಾಲ್ ಕಣಿವೆಯಲ್ಲಿ. ನಿಯಾಂಡರ್ತಾಲ್ ಅನ್ನುವ ಪ್ರಾಚೀನ ಮಾನವನಿಗೆ ಹೆಸರು ಬಂದಿದ್ದು ಇಲ್ಲಿಂದಲೇ. ಎಸ್28 ರೈಲು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ, ಸ್ಟೇಷನ್ನಿನ ಹೆಸರೂ ಅದೇ.

ಅಪ್ಪ ಶಿಕಾರಿಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು. ಭಾನುವಾರ ಬಂತೆಂದರೆ ಸೈಕಲ್ ಹತ್ತಿ ವೀರಗಲ್ಲು ಹುಡುಕಲು ಹೊರಡುತ್ತಿದ್ದರು. ಸೀಮೆಸುಣ್ಣ ಉಜ್ಜಿ ಅಕ್ಷರ ಓದಿ ನೋಟ್‌ಬುಕ್ಕಿಗೆ ಇಳಿಸುವುದು. ಊರಲ್ಲಿ ಯಾರು ಪಾಯ ತೋಡಿದರೂ, ಕೆರೆ ಹೂಳೆತ್ತಿದರೂ, "ಒಂದು ಕಲ್ಲು ಸಿಕ್ಕಿದೆ, ಮೇಷ್ಟ್ರಿಗೆ ಹೇಳಿ ಕಳಿಸಿ" ಅನ್ನುತ್ತಿದ್ದರು. ಹಾಗಾಗಿ ಯೋಹಾನ್ ಕಾರ್ಲ್ ಫುಲ್‌ರೋಟ್ ಎಂಬ ಜರ್ಮನ್ ಮೇಷ್ಟ್ರ ಕಥೆಯನ್ನು ಅಪ್ಪನಿಗೆ ಅಲ್ಲೇ ನಿಂತು ಹೇಳಬೇಕು ಅಂತ ನನಗೆ ತುಂಬಾ ಆಸೆಯಿತ್ತು.

ಫುಲ್‌ರೋಟ್ ಹುಟ್ಟಿದ್ದು 1803ರಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರೂ ಹೋದರು. ಓದಿ, 1830ರಲ್ಲಿ ಎಲ್ಬರ್‌ಫೆಲ್ಡ್‌ಗೆ ಮೇಷ್ಟ್ರಾಗಿ ಬಂದರು, ಆ ಊರು ಈಗ ವುಪ್ಪರ್‌ಟಾಲ್‌ಗೆ ಸೇರಿದೆ. ಪಾಠ ಮಾಡುತ್ತಲೇ ಸುತ್ತಲಿನ ಗುಡ್ಡ, ಗಿಡ, ಗುಹೆ ಎಲ್ಲಾ ನೋಡುತ್ತಾ ಬಂದರು. ಮುಂದೆ ಆ ಸೀಮೆಯ ಗುಹೆಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು.

1856ರ ಆಗಸ್ಟ್. ಡ್ಯುಸೆಲ್ ಹೊಳೆಯ ಇದೇ ಕಣಿವೆಯಲ್ಲಿ ಸುಣ್ಣದ ಕಲ್ಲಿನ ಗಣಿ ಜೋರಾಗಿ ನಡೆಯುತ್ತಿತ್ತು. ಹೊಳೆಯಿಂದ ಸುಮಾರು 20 ಮೀಟರ್ ಮೇಲೆ ಒಂದು ಪುಟ್ಟ ಗುಹೆ. ಅದರ ಮಣ್ಣು ತೆಗೆದು ಕೆಳಗೆ ಎಸೆಯುತ್ತಿದ್ದ ಇಬ್ಬರು ಕೂಲಿಗಳಿಗೆ ಮೂಳೆ ಸಿಕ್ಕವು. ಗುಹೆಕರಡಿಯದು ಇರಬೇಕು ಅಂತ ಗಣಿಯವರು ಅಂದುಕೊಂಡರು. ಆದರೂ ಮೇಷ್ಟ್ರಿಗೆ ಹೇಳಿ ಕಳಿಸಿದರು.

"ನೋಡು, ಅಲ್ಲೂ ಹಾಗೇ ಅಲ್ವಾ!" ಅಂದರು ಅಪ್ಪ. ಕಣ್ಣು ಹೊಳೆಯುತ್ತಿತ್ತು.

ಉಳಿದದ್ದು 16 ತುಂಡು. ತಲೆಬುರುಡೆಯ ಮೇಲ್ಭಾಗ, ತೊಡೆಮೂಳೆ, ತೋಳಿನ ಮೂಳೆ. ಇದು ಕರಡಿಯದಲ್ಲ, ಮನುಷ್ಯನದು, ಆದರೆ ನಮ್ಮಂಥ ಮನುಷ್ಯನದಲ್ಲ, ತುಂಬಾ ಹಳೆಯದು ಅಂತ ಫುಲ್‌ರೋಟ್ ಗುರುತಿಸಿದರು. ಜೀವವಿಕಾಸದ ಬಗ್ಗೆ ಡಾರ್ವಿನ್ ಬರೆದ ಪುಸ್ತಕ ಬರಲು ಇನ್ನೂ ಮೂರು ವರ್ಷ ಇತ್ತು ಅನ್ನುವುದನ್ನು ಮರೆಯಬಾರದು. ಬಾನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಶಾಫ್‌ಹೌಸನ್, ಫುಲ್‌ರೋಟ್ ಬೆನ್ನಿಗೆ ನಿಂತರು. ದೊಡ್ಡವರು ಜಾಸ್ತಿ ಜನ ಒಪ್ಪಲಿಲ್ಲ. ಒಬ್ಬರು ಇದು 1814ರಲ್ಲಿ ಬಂದ ರಷ್ಯಾ ಸೇನೆಯ ಕೊಸ್ಸಾಕ್ ಸವಾರನದು, ಕುದುರೆ ಹತ್ತಿ ಹತ್ತಿ ಕಾಲು ಸೊಟ್ಟಗಾಗಿದೆ ಅಂದರು. ವಿರ್ಕೋ ಅಂಥ ದೊಡ್ಡ ವೈದ್ಯರು ರೋಗದಿಂದ ಮೂಳೆ ಹೀಗಾಗಿದೆ ಅಂದುಬಿಟ್ಟರು. ಫುಲ್‌ರೋಟ್ 1877ರಲ್ಲಿ ತೀರಿಕೊಂಡರು. ಬೆಲ್ಜಿಯಮ್ಮಿನಲ್ಲಿ ಅಂಥವೇ ಅಸ್ಥಿಗಳು ಸಿಕ್ಕು ಅವರ ಮಾತು ಗಟ್ಟಿಯಾಗಿದ್ದು 1886ರಲ್ಲಿ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮ್ಯೂಸಿಯಂ ನೋಡಿಕೊಂಡು ಆ ಜಾಗಕ್ಕೆ ನಡೆದೆವು. ಗುಹೆ ಇಲ್ಲ. ಗುಹೆಯಿದ್ದ ಬಂಡೆಯೂ ಇಲ್ಲ, ಎಲ್ಲಾ ಗಣಿಗೆ ಹೋಯಿತು. ಗುಹೆ ಎಲ್ಲಿತ್ತು ಅನ್ನುವುದೇ ಮರೆತುಹೋಗಿತ್ತು. 1997ರಲ್ಲಿ ಇಬ್ಬರು ಸಂಶೋಧಕರು ಅಗೆದು, ಅಂದು ಎಸೆದಿದ್ದ ಅದೇ ಮಣ್ಣನ್ನು ಪತ್ತೆ ಮಾಡಿದರು. ಅದರಲ್ಲಿ ಸಿಕ್ಕ ಒಂದು ಚೂರು 1856ರ ತೊಡೆಮೂಳೆಗೆ, ಮುಂದೆ 2000ದಲ್ಲಿ ಸಿಕ್ಕ ಇನ್ನೊಂದು ಆ ಬುರುಡೆಗೆ, ಒಡೆದ ಮಡಕೆಯ ಚೂರಿನ ಹಾಗೆ ಸರಿಯಾಗಿ ಕೂತವು. ಇದನ್ನು ಅಪ್ಪ ನನ್ನಿಂದ ಎರಡು ಸಲ ಹೇಳಿಸಿದರು.

ಆಮೇಲೆ ಹುಲ್ಲಿನ ಮೇಲೆ ನಿಂತು ಕೇಳಿದರು, "ಆ ಕೂಲಿಗಳ ಹೆಸರು?"

ಮ್ಯೂಸಿಯಂನಲ್ಲಿ ಮೇಷ್ಟ್ರ ಹೆಸರು ಓದಿದ್ದೆ, ಗಣಿ ಮಾಲೀಕರ ಹೆಸರೂ ಓದಿದ್ದೆ. ಕೂಲಿಗಳದ್ದು ನನಗೆಲ್ಲೂ ಕಾಣಲಿಲ್ಲ. ಹಾಗೇ ಹೇಳಿದೆ.

ವಾಪಸ್ ರೈಲಿನಲ್ಲಿ ಅಪ್ಪ ಮಾತಾಡಲಿಲ್ಲ. ಇಳಿಯುವಾಗ, "ಕೆರೆ ಏರಿ ಹತ್ತಿರ ಕಲ್ಲು ತೋರಿಸಿದ ಹುಡುಗ ಇದ್ದನಲ್ಲ, ಎಮ್ಮೆ ಕಾಯುತ್ತಿದ್ದವನು, ಅವನ ಹೆಸರು ನಾನೂ ಬರೆದಿಟ್ಟಿಲ್ಲ. ಊರಿಗೆ ಫೋನ್ ಮಾಡಿ ಕೊಡು" ಅಂದರು. ಅಲ್ಲಿ ಆಗ ರಾತ್ರಿ ಎಂಟೂವರೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಹಳೇ ಸಹೋದ್ಯೋಗಿಯನ್ನು ಕೇಳಿ, ಮ್ಯೂಸಿಯಂ ಟಿಕೆಟ್ಟಿನ ಹಿಂದೆ ಹೆಸರು ಬರೆದುಕೊಂಡರು.