ಲೆನ್ಸ್ ಒಳಗೆ ಔಷಧಿ: ನೀಲಿ ಬಣ್ಣದ ಪ್ರಯೋಗ, ಮೂರನೇ ವಾರದವರೆಗೆ

ಮೊದಲೇ ಹೇಳಿಬಿಡುತ್ತೇನೆ, ಈ ಲೆನ್ಸ್‌ಗಳಲ್ಲಿ ಒಂದೂ ಕಣ್ಣಿಗೆ ಹೋಗುವುದಿಲ್ಲ. ಒಂದು ದಿನ ಹಾಕಿ ಬಿಸಾಡುವ ಕಾಂಟ್ಯಾಕ್ಟ್ ಲೆನ್ಸ್‌ಗಳ ಡಬ್ಬಿ ಅವಧಿ ಮುಗಿದು ಬಿದ್ದಿತ್ತು. ಔಷಧಿಯ ಬದಲು ಬಣ್ಣ ಕುಡಿಸಿ, ಅದು ಎಷ್ಟು ಹೊತ್ತಿನಲ್ಲಿ ಹೊರಗೆ ಬರುತ್ತದೆ ಎಂದು ನೋಡುವುದಷ್ಟೇ ಆಟ.

ಈ ಹುಚ್ಚು ಹತ್ತಿದ್ದು ಕಣ್ಣಿನ ಡ್ರಾಪ್ಸ್‌ನಿಂದ. ಒಂದು ಹನಿ ಎಂದರೆ 30ರಿಂದ 50 ಮೈಕ್ರೋಲೀಟರ್. ಕಣ್ಣಿನ ಮೇಲಿರುವ ಕಣ್ಣೀರೇ ಸುಮಾರು 7 ಮೈಕ್ರೋಲೀಟರ್. ಹೆಚ್ಚಾದದ್ದು ಕೆನ್ನೆ ಮೇಲೆ ಇಳಿಯುತ್ತದೆ, ಇಲ್ಲವೇ ಮೂಗಿಗೆ ಜಾರುತ್ತದೆ. ಡ್ರಾಪ್ಸ್ ಹಾಕಿದ ಮೇಲೆ ಗಂಟಲು ಕಹಿಯಾಗುತ್ತದಲ್ವಾ, ಅದು ಇದಕ್ಕೇ. ಕಣ್ಣಿನ ಒಳಗೆ ಸೇರುವುದು ಸಾಮಾನ್ಯವಾಗಿ ನೂರರಲ್ಲಿ ಐದು ಭಾಗಕ್ಕಿಂತ ಕಡಿಮೆ. ಹನಿಯ ಬದಲು ಲೆನ್ಸ್ ಒಳಗೇ ಔಷಧಿ ತುಂಬಿ, ಅದು ನಿಧಾನವಾಗಿ ಹೊರಗೆ ಬರುವಂತೆ ಮಾಡಿದರೆ?

ಮೊದಲ ವಾರ

ಕಪ್ಪು ಡಬ್ಬಿ, ಒಂದು ಕಡೆ ಕೆಂಪು ಎಲ್‌ಇಡಿ, ಎದುರಿಗೆ ಬೆಳಕಿನ ಸೆನ್ಸರ್, ನಡುವೆ ಚಿಕ್ಕ ಗಾಜಿನ ಬಾಟಲಿ. ನೀರು ನೀಲಿಯಾದಷ್ಟೂ ಕೆಂಪು ಬೆಳಕು ಕಡಿಮೆ ದಾಟುತ್ತದೆ. 1961ರ ಕ್ರಿಸ್‌ಮಸ್ ಹೊತ್ತಿನಲ್ಲಿ ಜೆಕ್ ವಿಜ್ಞಾನಿ ಓಟೋ ವಿಕ್ಟರ್ಲೆ ಮಕ್ಕಳ ಆಟದ ಸೆಟ್ ಜೋಡಿಸಿ, ಮನೆಯಲ್ಲೇ ಮೃದು ಲೆನ್ಸ್ ಮಾಡಿದ್ದರು. ಅದನ್ನು ನೆನೆದು ನನ್ನ ಡಬ್ಬಿಯ ಅವತಾರವನ್ನು ಕ್ಷಮಿಸಿಕೊಂಡೆ.

ರೀಡಿಂಗ್ ಮಾತ್ರ ಹುಚ್ಚುಹುಚ್ಚಾಗಿ ಕುಣಿಯಿತು. ಎರಡು ಸಂಜೆ ವೈರ್ ಬೆಸುಗೆಯನ್ನೇ ಬೈದೆ. ಕೊನೆಗೆ ನೋಡಿದರೆ ಲೆನ್ಸ್ ತೇಲಿಕೊಂಡು ಬೆಳಕಿಗೆ ಅಡ್ಡ ಬರುತ್ತಿತ್ತು. ಜಾಲರಿಯ ತುಂಡನ್ನು ಬಗ್ಗಿಸಿ ಅದನ್ನು ತಳದಲ್ಲಿ ಕೂರಿಸಿದ ಮೇಲೆ ಸರಿಹೋಯಿತು.

ಮೊದಲು ಹಾಕಿದ್ದು ಅಡುಗೆಯ ನೀಲಿ ಬಣ್ಣ. ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಶುದ್ಧ ನೀರಿಗೆ ಬಿಟ್ಟರೆ ನೋಡನೋಡುತ್ತಲೇ ಲೆನ್ಸ್ ಖಾಲಿ. ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ಇಲ್ಲದ ವಸ್ತು, ಇನ್ನೇನಾಗಬೇಕು! ಔಷಧಿ ತುಂಬುವುದು ಸುಲಭ, ಹಿಡಿದಿಟ್ಟುಕೊಳ್ಳುವುದೇ ಕಷ್ಟ.

ಎರಡನೇ ವಾರ

ಈ ವಾರ ಸಿಕ್ಕಿದ್ದೇ ನಿಜವಾದ ಮಜಾ. ಅಕ್ವೇರಿಯಂ ಮೀನಿಗೆ ಹಾಕುವ ಮೀಥಿಲೀನ್ ಬ್ಲೂ ತಂದೆ. ಲೆನ್ಸ್ ಅದನ್ನು ಹೀರಿ ಶಾಯಿಯ ಹಾಗೆ ಕಡುನೀಲಿಯಾಯಿತು. (ನನ್ನ ಬೆರಳೂ ಆಯಿತು, ನಾಲ್ಕು ದಿನ.) ಶುದ್ಧ ನೀರಿಗೆ ಬಿಟ್ಟೆ. ಒಂದು ಗಂಟೆ ಆಯಿತು, ಎರಡಾಯಿತು. ಸೆನ್ಸರ್ ಅಲುಗಲಿಲ್ಲ. ಎಲ್‌ಇಡಿ ಕೆಟ್ಟಿದೆಯಾ ಎಂದು ಡಬ್ಬಿ ತೆರೆದು ನೋಡಿದೆ. ಉರಿಯುತ್ತಲೇ ಇತ್ತು.

ಕಾರಣ ಚಾರ್ಜ್. ಈ ಲೆನ್ಸ್ ಎಟಾಫಿಲ್ಕಾನ್ ಎ ಎಂಬ ಜೆಲ್. ಅದರೊಳಗೆ ನೆಗೆಟಿವ್ ಚಾರ್ಜ್ ಇರುವ ಜಾಗಗಳಿವೆ. ಮೀಥಿಲೀನ್ ಬ್ಲೂ ಪಾಸಿಟಿವ್, ಅಂಟಿಕೊಂಡಿತು. ಅಡುಗೆ ಬಣ್ಣ ನೆಗೆಟಿವ್, ಓಡಿಹೋಯಿತು.

ಆಗ 100 ಮಿಲಿಲೀಟರಿಗೆ 0.9 ಗ್ರಾಂ ಲೆಕ್ಕದಲ್ಲಿ ಉಪ್ಪು ಕಲಸಿ, ಅದೇ ಲೆನ್ಸ್ ಅದಕ್ಕೆ ಹಾಕಿದೆ. ಅಂಚಿನಿಂದ ನೀಲಿ ಹೊಗೆಯಂತೆ ಎಳೆಎಳೆಯಾಗಿ ಇಳಿಯತೊಡಗಿತು. ಉಪ್ಪಿನ ಸೋಡಿಯಂ (ಅದೂ ಪಾಸಿಟಿವ್) ಬಂದು ಬಣ್ಣವನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂತಿತು. ಕಣ್ಣೀರಲ್ಲೂ ಉಪ್ಪು ಹೆಚ್ಚುಕಡಿಮೆ ಇಷ್ಟೇ ಇದೆ. ಬೀಗ ಲೆನ್ಸ್‌ನಲ್ಲಿ, ಕೀಲಿ ಕಣ್ಣೀರಿನಲ್ಲಿ!

2022ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ ಅಕ್ಯುವ್ಯೂ ಥೆರಾವಿಷನ್ ಲೆನ್ಸ್ ಕೂಡ ಎಟಾಫಿಲ್ಕಾನ್ ಎ ಜೆಲ್‌ನದೇ. ಒಂದೊಂದರಲ್ಲೂ ಅಲರ್ಜಿಯ ತುರಿಕೆಗೆ 19 ಮೈಕ್ರೋಗ್ರಾಂ ಕೀಟೋಟಿಫೆನ್. ಕಣ್ಣೀರಿನಲ್ಲಿ ಆ ಔಷಧಿಯದೂ ಬಹುಪಾಲು ಪಾಸಿಟಿವ್ ಚಾರ್ಜೇ.

ಮೂರನೇ ವಾರ

ಉಪ್ಪುನೀರಿನಲ್ಲೂ ಬಣ್ಣ ಜಾಸ್ತಿ ಹೊತ್ತು ನಿಲ್ಲಲಿಲ್ಲ, ಬೇಜಾರಾಯಿತು. ಆಮೇಲೆ ಹೊಳೆಯಿತು, ಬಾಟಲಿಯಲ್ಲಿರುವುದು 5 ಮಿಲಿಲೀಟರ್, ಕಣ್ಣೀರಿನ ಏಳುನೂರು ಪಟ್ಟು. ಬಕೆಟ್‌ನಲ್ಲಿ ಅದ್ದಿ ಕಣ್ಣು ಎಂದರೆ ಹೇಗೆ?

ಕಣ್ಣೀರು ನಿಮಿಷಕ್ಕೆ ಸುಮಾರು 1.2 ಮೈಕ್ರೋಲೀಟರ್ ಹೊಸದಾಗಿ ಬರುತ್ತದೆ. 40 ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಹನಿ. ಹಾಗಾಗಿ ಈಗ ಲೆನ್ಸ್ ಒಂದು ಗಾಜಿನ ಗೋಲಿಯ ಮೇಲೆ ಕೂತಿದೆ, ಒಣಗದಂತೆ ಮೇಲೊಂದು ಮುಚ್ಚಳ. 40 ನಿಮಿಷಕ್ಕೊಮ್ಮೆ ಸಿರಿಂಜ್‌ನಿಂದ ಒಂದು ಹನಿ ಉಪ್ಪುನೀರು ಬಿಟ್ಟು, ಕೆಳಗೆ ಜಾರಿದ್ದನ್ನು ಬಿಳಿ ಕಾಗದಕ್ಕೆ ಹಿಡಿಯುತ್ತಿದ್ದೇನೆ. 12 ಗಂಟೆಗೆ 18 ಹನಿ. ಗೋಲಿ ಕಣ್ಣು ಮಿಟುಕಿಸುವುದಿಲ್ಲ, ಅದು ಬೇರೆ ತಲೆನೋವು.

ಇದನ್ನು ಬರೆಯುವ ಹೊತ್ತಿಗೆ 11ನೇ ಹನಿ ಬಿದ್ದಿದೆ. ಕಾಗದದ ಮೇಲೆ ಹನ್ನೊಂದು ಚುಕ್ಕಿ, ಮೊದಲ ಮೂರು ಗಾಢ, ಮಿಕ್ಕವು ಒಂದೇ ಥರ ತೆಳು ನೀಲಿ. ಲೆನ್ಸ್ ಇನ್ನೂ ಖಾಲಿಯಾಗಿಲ್ಲ.